ತವರದ ಪಟ್ಟಿಯಲ್ಲಿ ಬರೀ ಹೈಡ್ರೋಜನ್ ಏಳುತ್ತಿದೆ, ಯಾಕೆ?

ಪ್ರಶ್ನೆ: ನಾವು ಗದಗದ ಬಿ.ಎಸ್‌ಸಿ. ವಿದ್ಯಾರ್ಥಿಗಳು. ಸೋಲಾರ್ ಕರೆಂಟಿನಿಂದ ಇಂಗಾಲದ ಡೈಆಕ್ಸೈಡನ್ನು ಫಾರ್ಮೇಟ್ (ಫಾರ್ಮಿಕ್ ಆಮ್ಲದ ಲವಣ ರೂಪ) ಮಾಡುವ ಪ್ರಾಜೆಕ್ಟ್ ಹಿಡಿದಿದ್ದೇವೆ. ಎಣ್ಣೆ ಡಬ್ಬಿಯ ತಗಡು ಕ್ಯಾಥೋಡ್ (ಋಣ ತುದಿ), ಸ್ಟೀಲ್ ಚಮಚ ಆನೋಡ್ (ಧನ ತುದಿ). ಒಂದೇ ಬೀಕರಿನಲ್ಲಿ ಬೋರ್ ನೀರು, ಅಡುಗೆ ಸೋಡಾ. ಇಂಗಾಲದ ಡೈಆಕ್ಸೈಡ್ ಅನಿಲ ಬಿಡುತ್ತಾ 12 ವೋಲ್ಟಿನ ಪ್ಯಾನೆಲ್ ನೇರ ಜೋಡಿಸಿದೆವು. ಗುಳ್ಳೆ ಧಾರಾಳ, ಫಾರ್ಮೇಟ್ ಇಲ್ಲ.

ಉತ್ತರ: ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು ಹತ್ತಿರದಿಂದ ನೋಡಿ. ಹೆಚ್ಚಿನವು ಕತ್ತರಿಸಿದ ಅಂಚಿನಿಂದಲೇ ಬರುತ್ತಿರುತ್ತವೆ. ಡಬ್ಬಿಯ ತಗಡು ಕಬ್ಬಿಣ. ಮೇಲೆ ತೆಳುವಾದ ತವರದ ಲೇಪ ಮಾತ್ರ. ತವರದ ಮೇಲೆ ಹೈಡ್ರೋಜನ್ ಸುಲಭವಾಗಿ ಹುಟ್ಟುವುದಿಲ್ಲ, ಅದಕ್ಕೇ ಅದನ್ನು ಆರಿಸುವುದು. ಅಂಚಿನ ಕಬ್ಬಿಣ ಆ ಗುಣವನ್ನೇ ಕೆಡಿಸುತ್ತದೆ. 99.9% ಶುದ್ಧ ತವರದ ಹಾಳೆ ತರಿಸಿ. ಅಡುಗೆಮನೆಯ ಫಾಯಿಲ್ ಬೇಡ, ಅದು ಅಲ್ಯುಮಿನಿಯಂ.

ಚಮಚವನ್ನೂ ತೆಗೆಯಿರಿ. ಸ್ಟೀಲ್ ಕರಗಿ ಕಬ್ಬಿಣ ಕ್ಯಾಥೋಡಿನ ಮೇಲೆ ಕೂರುತ್ತದೆ. ಜೊತೆಗೆ ವಿಷಕಾರಿ ಕ್ರೋಮಿಯಂ ಬಿಡುತ್ತದೆ. ಈಗಿನ ದ್ರಾವಣವನ್ನು ಸಿಂಕಿಗೆ ಚೆಲ್ಲದೆ ಲ್ಯಾಬಿನ ತ್ಯಾಜ್ಯದ ಬಾಟಲಿಗೆ ಹಾಕಿ. ಆನೋಡಿಗೆ ಪ್ಲಾಟಿನಂ ತಂತಿ ಬಳಸಿ. ಬೋರ್ ನೀರಿನ ಗಡಸುತನದಿಂದ ಕ್ಯಾಥೋಡಿಗೆ ಬಿಳಿ ಸುಣ್ಣದ ಪದರ ಕಟ್ಟುತ್ತದೆ, ಹಾಗಾಗಿ ಡಿಸ್ಟಿಲ್ಡ್ ವಾಟರ್ ಬೇಕೇ ಬೇಕು. ಲೀಟರಿಗೆ 50 ಗ್ರಾಂ ಶುದ್ಧ ಪೊಟ್ಯಾಸಿಯಂ ಬೈಕಾರ್ಬೊನೇಟ್ ಹಾಕಿದರೆ 0.5 ಮೋಲಾರ್ ಆಗುತ್ತದೆ.

ಒಂದೇ ಬೀಕರಿನಲ್ಲಿ ಆದ ಫಾರ್ಮೇಟ್ ಆನೋಡಿಗೆ ಹೋಗಿ ಮತ್ತೆ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಪಟ್ಟ ಶ್ರಮ ನೀರಪಾಲು. ನಡುವೆ ನಾಫಿಯಾನ್ ಪೊರೆ (ಧನ ಅಯಾನುಗಳನ್ನು ಮಾತ್ರ ಸುಲಭವಾಗಿ ದಾಟಿಸುವ ಪ್ಲಾಸ್ಟಿಕ್ ಹಾಳೆ) ಇರುವ ಎರಡು ಕೋಣೆಯ ಸೆಲ್ ಕಟ್ಟಿ.

ಅನಿಲವನ್ನು ಅರ್ಧ ಗಂಟೆ ಮೊದಲೇ ಹಾಯಿಸಿ, ಆಮೇಲೂ ನಿಲ್ಲಿಸಬೇಡಿ. ಪಿಎಚ್ 7.2ರ ಆಸುಪಾಸಿಗೆ ಇಳಿದಿರಬೇಕು. 8ರ ಮೇಲೇ ನಿಂತಿದ್ದರೆ ಅನಿಲ ಸಾಕಷ್ಟು ಕರಗಿಲ್ಲ. ಎಷ್ಟೇ ಹಾಯಿಸಿದರೂ ಲೀಟರ್ ನೀರಿನಲ್ಲಿ ಕರಗುವುದು ಸುಮಾರು 1.5 ಗ್ರಾಂ. ಅದಕ್ಕೇ ಕರೆಂಟ್ ಜಾಸ್ತಿ ಕೊಟ್ಟರೆ ತವರದ ಬಳಿಯ ಅನಿಲ ತೀರಿ, ನೀರೇ ಒಡೆಯತೊಡಗುತ್ತದೆ. 10 ಚದರ ಸೆಂ.ಮೀ. ಹಾಳೆಗೆ 100 ಮಿಲಿಆಂಪಿಯರ್ ಸಾಕು. ಪ್ಯಾನೆಲಿಗೂ ಸೆಲ್ಲಿಗೂ ನಡುವೆ ಕರೆಂಟ್ ಮಿತಿ ಇರುವ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಸರ್ಕ್ಯೂಟ್) ಹಾಕಿ. ಮೋಡ ಸರಿದು ಬಿಸಿಲು ಬಿದ್ದಾಗಲೂ ಕರೆಂಟ್ ಏರುವುದಿಲ್ಲ.

100 ಮಿಲಿಆಂಪಿಯರಿನಲ್ಲಿ ಒಂದು ಗಂಟೆಗೆ ಹೆಚ್ಚೆಂದರೆ 84 ಮಿಲಿಗ್ರಾಂ ಫಾರ್ಮೇಟ್. 50 ಸಿಕ್ಕರೂ ಒಳ್ಳೆಯ ಫಲಿತಾಂಶವೇ. ಪ್ರೋಟಾನ್ ಎನ್‌ಎಂಆರ್‌ನಲ್ಲಿ (ಹೈಡ್ರೋಜನ್ ಪರಮಾಣುಗಳ ಸಂಕೇತದಿಂದ ವಸ್ತುವನ್ನು ಗುರುತಿಸುವ ಪರೀಕ್ಷೆ) 8.4 ಪಿಪಿಎಂ ಬಳಿ ಅದರ ಗೆರೆ ಕಾಣುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರದಲ್ಲಿ ವಿಚಾರಿಸಿ. ಒಮ್ಮೆ ನೈಟ್ರೋಜನ್ ಹಾಯಿಸಿಯೂ ಪ್ರಯೋಗ ನಡೆಸಿ. ಆಗಲೂ ಅದೇ ಗೆರೆ ಅಷ್ಟೇ ಬಂದರೆ ಅದು ನೀವು ಹಾಯಿಸಿದ ಇಂಗಾಲದ ಡೈಆಕ್ಸೈಡಿನಿಂದ ಆದದ್ದಲ್ಲ, ಪಾತ್ರೆಯ ಕೊಳೆ ಇರಬಹುದು.