ಅಪ್ಪನಿಗೆ ಎರಡು ಮಾತ್ರೆ, ಅಮ್ಮನಿಗೆ ಒಂದೇ ಏಕೆ?

ಪ್ರಶ್ನೆ: ನನ್ನ ತಂದೆಗೆ 67 ವರ್ಷ. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ಕಳೆದ ವಾರ ಊಟಕ್ಕೆ ಕುಳಿತಿದ್ದಾಗ ಬಲಗೈಯಿಂದ ತುತ್ತು ಜಾರಿತು, ಮಾತು ತೊದಲಿತು. ಇಪ್ಪತ್ತು ನಿಮಿಷದಲ್ಲಿ ಎಲ್ಲವೂ ಸರಿಹೋಯಿತು. ಅಂದೇ ಆಸ್ಪತ್ರೆಗೆ ಕರೆದೊಯ್ದೆವು. ಕತ್ತಿನ ಎಡಭಾಗದ ರಕ್ತನಾಳ ಶೇ 60ರಷ್ಟು ಕಿರಿದಾಗಿದೆ ಎಂದು ಡಾಪ್ಲರ್ ಪರೀಕ್ಷೆ ಹೇಳಿದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡನ್ನೂ ಕೊಟ್ಟು, 21 ದಿನಗಳ ನಂತರ ಒಂದನ್ನು ನಿಲ್ಲಿಸಿ ಎಂದಿದ್ದಾರೆ. ತಾಯಿಗೂ ಶೇ 50ರಷ್ಟು ಕಿರಿದಾಗಿರುವುದು ಹಿಂದೊಮ್ಮೆ ತಪಾಸಣೆಯಲ್ಲಿ ಗೊತ್ತಾಗಿತ್ತು. ಅವರಿಗೆ ಆಸ್ಪಿರಿನ್ ಮತ್ತು ಕೊಲೆಸ್ಟ್ರಾಲ್ ಮಾತ್ರೆ ಮಾತ್ರ. ದೊಡ್ಡಪ್ಪ ವಾರ್ಫರಿನ್ ನುಂಗುತ್ತಾರೆ. ಒಂದೇ ಮನೆಯಲ್ಲಿ ರಕ್ತ ತೆಳುವಾಗಿಸುವ ಔಷಧ ಮೂರು ಬಗೆ ಏಕೆ? ತಂದೆ ಎರಡೂ ಮಾತ್ರೆಗಳನ್ನು ಮುಂದುವರಿಸಿದರೆ ಹೆಚ್ಚು ಒಳ್ಳೆಯದಲ್ಲವೇ?
– ಶಿವಮೊಗ್ಗ ಜಿಲ್ಲೆಯ ಓದುಗರು

ಉತ್ತರ: ನಿಮ್ಮ ಪತ್ರ ಓದಿದ ದಿನವೇ ಮುಖ್ಯವಾದದ್ದನ್ನು ನಿಮಗೆ ತಿಳಿಸಿದ್ದೆ. ಇದೇ ಗೊಂದಲ ಹಲವು ಮನೆಗಳಲ್ಲಿ ಇರುವುದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಅಂದೇ ಆಸ್ಪತ್ರೆಗೆ ಹೋದಿರಲ್ಲ, ಅದು ಬಹಳ ದೊಡ್ಡ ಕೆಲಸ. ‘ಸರಿಹೋಯಿತಲ್ಲ, ನಾಳೆ ನೋಡೋಣ’ ಎಂದುಕೊಂಡವರಲ್ಲಿ ಕೆಲವರು ನಮ್ಮ ಬಳಿ ಬರುವುದು ಕೈಕಾಲು ಪೂರ್ತಿ ಬಿದ್ದ ಮೇಲೆ.

ಮಜ್ಜಿಗೆಗೆ ನೀರು ಬೆರೆಸಿದಂತೆ ಈ ಔಷಧಗಳು ರಕ್ತವನ್ನು ತೆಳ್ಳಗೆ ಮಾಡುವುದಿಲ್ಲ. ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ, ಅಷ್ಟೇ. ಆ ಹೆಪ್ಪು ಎಲ್ಲಿ ಹುಟ್ಟುತ್ತದೆ ಎಂಬುದರ ಮೇಲೆ ಔಷಧ ಬದಲಾಗುತ್ತದೆ. ಕತ್ತಿನ ಕೆರೋಟಿಡ್ ನಾಳದಲ್ಲಿ ರಕ್ತ ರಭಸದಿಂದ ಹರಿಯುತ್ತದೆ. ಅಲ್ಲಿ ಒಳಗೋಡೆಯ ಕೊಬ್ಬಿನ ಗಂಟು ಬಿರುಕು ಬಿಟ್ಟರೆ ಪ್ಲೇಟ್‌ಲೆಟ್‌ಗಳು, ಅಂದರೆ ಕಿರುಬಿಲ್ಲೆಗಳು, ಬಂದು ಅಂಟಿಕೊಳ್ಳುತ್ತವೆ. ಆ ಗುಂಪಿನಿಂದ ಕಳಚಿದ ಚೂರು ಮಿದುಳಿಗೆ ಹೋಗುತ್ತದೆ. ನಿಮ್ಮ ತಂದೆಗೆ ಬಲಗೈ ಸೋತು ಮಾತು ತೊದಲಿದ್ದು ಎಡನಾಳದ ಕಡೆಗೇ ಬೆರಳು ತೋರಿಸುತ್ತದೆ. ಇಲ್ಲಿ ಬೇಕಾದದ್ದು ಕಿರುಬಿಲ್ಲೆಗಳ ಅಂಟು ಬಿಡಿಸುವ ಔಷಧ: ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಕೆಲವೊಮ್ಮೆ ಟಿಕಾಗ್ರೆಲಾರ್.

ದೊಡ್ಡಪ್ಪನ ಕಾಯಿಲೆ ಯಾವುದೆಂದು ನೀವು ಬರೆದಿಲ್ಲ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯದೆ ಅದುರುತ್ತಿದ್ದರೆ ಅಲ್ಲಿ ರಕ್ತ ನಿಂತ ನೀರಿನಂತಾಗಿ ಬೇರೆ ಬಗೆಯ ಹೆಪ್ಪು ಕಟ್ಟುತ್ತದೆ. ವಾರ್ಫರಿನ್, ಎಪಿಕ್ಸಾಬಾನ್‌ನಂಥವು ಇರುವುದು ಅದಕ್ಕೆ. ಹೃದಯದಿಂದ ಬರದ ಪಾರ್ಶ್ವವಾಯುವಿಗೂ ವಾರ್ಫರಿನ್ ಹೆಚ್ಚು ಉಪಕಾರಿಯೇ ಎಂದು ಅಮೆರಿಕದಲ್ಲಿ 2,206 ರೋಗಿಗಳಲ್ಲಿ ಪರೀಕ್ಷಿಸಿದ್ದರು. 2001ರ ಆ ವರದಿಯಲ್ಲಿ ಅದು ಆಸ್ಪಿರಿನ್ ಅನ್ನು ಮೀರಲಿಲ್ಲ. ಹೀಗಾಗಿ ತಂದೆಯ ಇ.ಸಿ.ಜಿ.ಯಲ್ಲಿ ಲಯ ಸರಿಯಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ತಪ್ಪಿದ್ದರೆ ಚಿಕಿತ್ಸೆಯ ಲೆಕ್ಕವೇ ಬದಲಾಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಔಷಧ ಆರಿಸುವಾಗ ನಾವು ಶೇಕಡಾವಾರಿಗಿಂತ ಮೊದಲು ನೋಡುವುದು, ಆ ನಾಳ ಇತ್ತೀಚೆಗೆ ತೊಂದರೆ ಕೊಟ್ಟಿದೆಯೇ ಎಂಬುದನ್ನು. ತಂದೆಯದು ಕೊಟ್ಟಿದೆ. ಇಂಥ ಎಚ್ಚರಿಕೆಯ ನಂತರದ ಮೊದಲ ಕೆಲವು ದಿನಗಳಲ್ಲೇ ದೊಡ್ಡ ಪಾರ್ಶ್ವವಾಯುವಿನ ಅಪಾಯ ಅತಿ ಹೆಚ್ಚು. ಚೀನಾದಲ್ಲಿ 5,170 ಜನರಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 24 ಗಂಟೆಯೊಳಗೆ ಎರಡೂ ಮಾತ್ರೆ ಆರಂಭಿಸಿ 21 ದಿನ ಕೊಟ್ಟಾಗ, ಮೂರು ತಿಂಗಳೊಳಗೆ ಪಾರ್ಶ್ವವಾಯುವಿಗೆ ತುತ್ತಾದವರು ಶೇ 11.7ರಿಂದ 8.2ಕ್ಕೆ ಇಳಿದರು. ನಿಮ್ಮ ವೈದ್ಯರ 21 ದಿನಗಳ ಲೆಕ್ಕ ಬಂದಿರುವುದು ಅಲ್ಲಿಂದ. ಪಾರ್ಶ್ವವಾಯು ಈಗಾಗಲೇ ದೊಡ್ಡದಾಗಿ ಆಗಿದ್ದರೆ ಹೀಗೆ ಎರಡನ್ನೂ ಕೊಡಲು ಹಿಂಜರಿಯುತ್ತೇವೆ. ಹಾಳಾದ ಮಿದುಳಿನೊಳಗೆ ರಕ್ತ ಸೋರುವ ಭಯವಿರುತ್ತದೆ.

ಹಾಗಾದರೆ ವರ್ಷಗಟ್ಟಲೆ ಏಕೆ ಬೇಡ? ಇದನ್ನೂ ಪರೀಕ್ಷಿಸಿ ನೋಡಿದ್ದಾರೆ. 2004ರಲ್ಲಿ ಪ್ರಕಟವಾದ, 7,599 ಜನರ ಅಧ್ಯಯನದಲ್ಲಿ ಒಂದೂವರೆ ವರ್ಷ ಎರಡೂ ಮಾತ್ರೆ ನುಂಗಿದವರಿಗೆ ಗಮನಾರ್ಹ ಲಾಭವಾಗಲಿಲ್ಲ. ಪ್ರಾಣಾಪಾಯದ ರಕ್ತಸ್ರಾವ ಮಾತ್ರ ಶೇ 1.3ರಿಂದ 2.6ಕ್ಕೆ ಏರಿತು. ನಾನು ಚಿಕಿತ್ಸೆ ಕೊಟ್ಟ ಹಿರಿಯರೊಬ್ಬರು ಹಳೆಯ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಿಂದ ನಾಲ್ಕು ವರ್ಷ ಎರಡನ್ನೂ ತರಿಸಿಕೊಂಡಿದ್ದರು. ಜೊತೆಗೆ ಮಂಡಿ ನೋವಿಗೆ ಡೈಕ್ಲೊಫೆನಾಕ್. ಹೊಟ್ಟೆಯೊಳಗೆ ರಕ್ತ ಸೋರಿ, ಬಿಳಿಚಿಕೊಂಡು ಬಂದರು. ನಿಲ್ಲಿಸುವ ತಾರೀಖನ್ನು ಅವರಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಯಾವ ಮಾತ್ರೆ, ಎಷ್ಟನೇ ತಾರೀಖಿಗೆ ನಿಲ್ಲಬೇಕು ಎಂದು ನಿಮ್ಮ ವೈದ್ಯರ ಕೈಯಲ್ಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಉಳಿದ ಇನ್ನೊಂದು ಮಾತ್ರೆ ಸಾಮಾನ್ಯವಾಗಿ ಜೀವನಪೂರ್ತಿ ಬೇಕು. ಹಲ್ಲು ಕೀಳಿಸುವಾಗಲೂ ಅದನ್ನು ನೀವಾಗಿ ನಿಲ್ಲಿಸಬೇಡಿ.

ತಾಯಿಯ ನಾಳ ಇದುವರೆಗೆ ಸುಮ್ಮನಿದೆ. ಅಂಥವರಿಗೆ ಆಸ್ಪಿರಿನ್ ಕೊಡುವುದಕ್ಕೂ ಆಧಾರ ತೆಳುವಾಗಿಯೇ ಇದೆ. 1995ರ, 372 ಜನರ ಅಧ್ಯಯನದಲ್ಲಿ ಅದರಿಂದ ವ್ಯತ್ಯಾಸ ಕಾಣಲಿಲ್ಲ. ಆದರೂ ಕತ್ತಿನ ನಾಳ ಕಿರಿದಾದವರಿಗೆ ಹೃದಯಾಘಾತದ ಅಪಾಯವೂ ಹೆಚ್ಚಿರುವುದರಿಂದ, ಹೊಟ್ಟೆಹುಣ್ಣು ಇತ್ಯಾದಿ ಇಲ್ಲದಿದ್ದರೆ ಕೊಡುತ್ತೇವೆ. ಅವರ ಕೊಲೆಸ್ಟ್ರಾಲ್ ಮಾತ್ರೆಯನ್ನು ಕಡೆಗಣಿಸಬೇಡಿ. ಕೊಬ್ಬಿನ ಗಂಟು ಬಿರಿಯದಂತೆ ಗಟ್ಟಿ ಮಾಡುವುದು ಅದೇ.

ತಂದೆಯ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ: ಶಸ್ತ್ರಚಿಕಿತ್ಸೆ ಬೇಕೇ? ತೊಂದರೆ ಕೊಟ್ಟ ನಾಳ ಶೇ 70ಕ್ಕಿಂತ ಹೆಚ್ಚು ಕಿರಿದಾಗಿದ್ದರೆ ಲಾಭ ಸ್ಪಷ್ಟ. 50ರಿಂದ 69ರವರೆಗೆ ಲಾಭ ಕಡಿಮೆ, ಆದರೆ ಇದೆ. ಎರಡು ವಾರದೊಳಗೆ ಮಾಡಿದರೆ ಉಪಯೋಗ ಹೆಚ್ಚು. ಡಾಪ್ಲರ್‌ನ 60 ಎಂಬ ಅಂಕಿಯನ್ನು ಸಿ.ಟಿ. ಆಂಜಿಯೋಗ್ರಾಮ್‌ನಿಂದ ಖಚಿತಪಡಿಸಿಕೊಂಡು ಈ ವಾರವೇ ತೀರ್ಮಾನಿಸಿ. ಗಂಟು ತೆಗೆಯುವ ಶಸ್ತ್ರಚಿಕಿತ್ಸೆಯಾದರೆ ಆಸ್ಪಿರಿನ್ ನಿಲ್ಲಿಸುವುದಿಲ್ಲ. ಎರಡನೆಯ ಮಾತ್ರೆಯ ಬಗ್ಗೆ ಶಸ್ತ್ರಚಿಕಿತ್ಸಕರು ನಿರ್ಧರಿಸುತ್ತಾರೆ. ಸ್ಟೆಂಟ್ ಹಾಕಿದರೆ ಎರಡೂ ಕನಿಷ್ಠ ನಾಲ್ಕು ವಾರ ಬೇಕು, ಆಗ 21 ದಿನಕ್ಕೆ ನಿಲ್ಲಿಸುವಂತಿಲ್ಲ.

ಕ್ಲೋಪಿಡೋಗ್ರೆಲ್ ಕೆಲಸ ಮಾಡಲು ಪಿತ್ತಜನಕಾಂಗ ಅದನ್ನು ಬದಲಿಸಬೇಕು. ಒಮೆಪ್ರಜೋಲ್ ಇದಕ್ಕೆ ಅಡ್ಡಬರುತ್ತದೆ. ಆಸಿಡಿಟಿಗೆ ಮಾತ್ರೆ ಬೇಕಿದ್ದರೆ ಪ್ಯಾಂಟೊಪ್ರಜೋಲ್ ಆಗಬಹುದೇ ಎಂದು ಕೇಳಿ. ಮಲ ಡಾಂಬರಿನಂತೆ ಕಪ್ಪಾದರೆ ತಡಮಾಡದೆ ವೈದ್ಯರನ್ನು ಕಾಣಿ.

ಮತ್ತೆ ಕೈ ಸೋತರೆ, ಬಾಯಿ ಸೊಟ್ಟಗಾದರೆ, ಒಂದು ಕಣ್ಣಿಗೆ ಪರದೆ ಬಿದ್ದಂತಾದರೆ ಮನೆಯಲ್ಲಿ ಇನ್ನೊಂದು ಆಸ್ಪಿರಿನ್ ಕೊಡಬೇಡಿ. ಮಿದುಳಿನ ರಕ್ತಸ್ರಾವವೂ ಹೀಗೆಯೇ ತೋರಬಹುದು. ಸ್ಕ್ಯಾನ್ ಮಾಡದೆ ಯಾವುದೆಂದು ಹೇಳಲಾಗದು. ತೊಂದರೆ ಶುರುವಾದ ಗಳಿಗೆಯನ್ನು ಬರೆದಿಟ್ಟುಕೊಂಡು, 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ. ಮಾತ್ರೆಯ ಚೀಟಿ ಜೊತೆಯಲ್ಲಿರಲಿ.