ಕೊಂಗಮಾಟೊ ಬದುಕುಳಿದ ಟೆರೋಸಾರ್ ಇರಬಹುದಾ?

ಎಂದೋ ಅಳಿದುಹೋಗಿದೆ ಅಂದುಕೊಂಡಿದ್ದ ಸೀಲಕ್ಯಾಂತ್ ಮೀನು 1938ರಲ್ಲಿ ಜೀವಂತ ಸಿಕ್ಕಿತಲ್ಲ, ಹಾಗೇ ಆಫ್ರಿಕಾದ ಜಾಂಬಿಯಾದ ಜೌಗು ನೆಲದಲ್ಲಿ ಇದೆ ಅಂತ ಜನ ಹೇಳುವ ರೆಕ್ಕೆಯ ಪ್ರಾಣಿ ಕೊಂಗಮಾಟೊ ಕೂಡ ಅಳಿಯದೆ ಉಳಿದ ಟೆರೋಸಾರ್ (ಡೈನೋಸಾರ್‌ಗಳ ಕಾಲದ ಹಾರುವ ಸರೀಸೃಪ) ಯಾಕಾಗಿರಬಾರದು ಅಂತ ಕೇಳಿದ್ದೀರಿ. ಇದು ನಿಜವಾಗಿರಲಿ ಅಂತ ನನಗೂ ತುಂಬಾ ಆಸೆ ಇತ್ತು. ಆದರೆ ಓದುತ್ತಾ ಹೋದಂತೆ ನಂಬಿಕೆ ಕಡಿಮೆಯಾಯಿತು.

ಸೀಲಕ್ಯಾಂತ್ ಇರುವುದು ಸಮುದ್ರದ ಆಳದಲ್ಲಿ. ದೊಡ್ಡ ರೆಕ್ಕೆಯ ಪ್ರಾಣಿ ಬಯಲಲ್ಲೇ ಹಾರಬೇಕು ಅಲ್ವಾ? ಸಾಲದ್ದಕ್ಕೆ, ಡೈನೋಸಾರ್‌ಗಳು ಅಳಿದ ಮೇಲಿನ 6.6 ಕೋಟಿ ವರ್ಷಗಳ ಕಲ್ಲಿನಲ್ಲಿ ಟೆರೋಸಾರ್‌ನ ಒಂದು ಮೂಳೆಯೂ ಸಿಕ್ಕಿಲ್ಲ.

ಈ ಕಥೆ ಹೊರಜಗತ್ತಿಗೆ ಗೊತ್ತಾಗಿದ್ದು 1923ರಲ್ಲಿ, ಫ್ರಾಂಕ್ ಮೆಲ್ಲಂಡ್ ಎಂಬ ಬ್ರಿಟಿಷ್ ಅಧಿಕಾರಿಯ ಬರಹದಿಂದ. ಅವರು ಟೆರೋಸಾರ್ ಚಿತ್ರ ತೋರಿಸಿದಾಗ ಊರಿನವರು ಅದೇ ಅಂದರಂತೆ. ನನಗೆ ಅನುಮಾನ ಶುರುವಾಗಿದ್ದೇ ಇಲ್ಲಿ. ಕೊಂಗಮಾಟೊಗೆ ಪುಕ್ಕವಿಲ್ಲ, ಬರೀ ನುಣುಪು ಚರ್ಮ ಅಂತ ವರ್ಣನೆ. ಆಗಿನ ಚಿತ್ರಗಳಲ್ಲೂ ಟೆರೋಸಾರ್ ಹಾಗೇ ಇರುತ್ತಿತ್ತು. ಆದರೆ ಅವುಗಳ ಮೈಮೇಲೆ ಕೂದಲಿನಂಥ ನವಿರು ಎಳೆಗಳು ಇದ್ದವು ಅಂತ ಪಳೆಯುಳಿಕೆಗಳು ತೋರಿಸಿವೆ. ಅಂದರೆ ವರ್ಣನೆ ಹೊಂದುವುದು ಹಳೇ ಚಿತ್ರಕ್ಕೆ, ಪ್ರಾಣಿಗೆ ಅಲ್ಲ.

ಹಾಗಂತ ನೋಡಿದವರು ಸುಳ್ಳು ಹೇಳಿದರು ಅಂತ ಖಂಡಿತ ಅನ್ನುವುದಿಲ್ಲ. ಜಾಂಬಿಯಾದ ಜೌಗಿನಲ್ಲಿ ಶೂಬಿಲ್ ಹಕ್ಕಿ ಇದೆ. ರೆಕ್ಕೆ ಬಿಚ್ಚಿದರೆ 2 ಮೀಟರ್‌ಗಿಂತ ಜಾಸ್ತಿ, ಕೊಕ್ಕು ಮರದ ಚಪ್ಪಲಿಯಷ್ಟು ದಪ್ಪ. ಮಬ್ಬುಗತ್ತಲಲ್ಲಿ ಅದು ತಲೆ ಮೇಲೆ ಹಾದುಹೋದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಖಾಲಿ ಆಕಾಶದಲ್ಲಿ ಅಳತೆಗೆ ಪಕ್ಕದಲ್ಲಿ ಏನೂ ಇರುವುದಿಲ್ಲ, ಹಾಗಾಗಿ 2 ಮೀಟರ್ 5 ಮೀಟರ್ ಆಗಿಬಿಡುತ್ತದೆ.