ಹುಟ್ಟೋ ಮೊದಲೇ ಮಗುವಿನ ಶ್ವಾಸಕೋಶ ಹೇಗೆ ರೆಡಿ ಆಗುತ್ತೆ, ಇದ್ರಲ್ಲಿ ಜೀನ್‌ಗಳ ಪಾತ್ರ ಏನು?

ಎಲ್ಲಾ ಜೀವಕೋಶದಲ್ಲೂ ಇರೋದು ಹೆಚ್ಚುಕಮ್ಮಿ ಅದೇ ಜೀನ್‌ಗಳು, ಯಾವುದು ಯಾವಾಗ ಆನ್ ಆಗುತ್ತೆ ಅನ್ನೋದೇ ಮುಖ್ಯ. ಸುಮಾರು 4ನೇ ವಾರದಲ್ಲಿ ಎನ್‌ಕೆಎಕ್ಸ್2-1 ಅನ್ನೋ ಜೀನ್ ಆನ್ ಆದ ಜಾಗದಿಂದ ಶ್ವಾಸಕೋಶ ಮೊಳೆಯುತ್ತೆ. ನಿಜವಾಗ್ಲೂ ಅದ್ಭುತ ಅನ್ಸೋದು ಕೊನೆ ಹಂತ, ಸುಮಾರು 24 ವಾರದ ನಂತರ ಗಾಳಿಚೀಲಗಳ ಗೋಡೆಯಲ್ಲಿರೋ ಟೈಪ್ 2 ಅನ್ನೋ ಕೋಶಗಳಲ್ಲಿ ಅದೇ ಜೀನ್‌ನ ಪ್ರೋಟೀನು ಸರ್ಫ್ಯಾಕ್ಟಂಟ್ ಜೀನ್‌ಗಳನ್ನ ಎಬ್ಬಿಸುತ್ತೆ, ಚೀಲಗಳ ಒಳಗೆ ಸವರಿಕೊಳ್ಳೋ ಸೋಪಿನಂಥ ಈ ಸರ್ಫ್ಯಾಕ್ಟಂಟ್ ಇಲ್ದಿದ್ರೆ ಉಸಿರು ಬಿಟ್ಟಾಗ ಗಾಳಿಚೀಲಗಳು ಮುದುರ್ಕೊಂಡು ಅಂಟ್ಕೊಂಡ್ಬಿಡ್ತವೆ. ಹೆರಿಗೆ ಹತ್ರ ಬಂದಾಗ ಮಗುವಿನ ಮೈಯಲ್ಲಿ ಕಾರ್ಟಿಸೋಲ್ ಅನ್ನೋ ಹಾರ್ಮೋನ್ ಏರುತ್ತೆ, ಅದು ಕೋಶದೊಳಗೆ ತನ್ನನ್ನ ಹಿಡ್ಕೊಳ್ಳೋ ರಿಸೆಪ್ಟರ್ ಅನ್ನೋ ಪ್ರೋಟೀನಿಗೆ ಸೇರಿ, ಆ ರಿಸೆಪ್ಟರ್ ಡಿಎನ್‌ಎ ಮೇಲೆ ಕೂತು ಈ ಕೆಲಸನ ಇನ್ನೂ ಜೋರು ಮಾಡುತ್ತೆ. ಅವಧಿಗೆ ಮುಂಚೆ ಹೆರಿಗೆ ಆಗೋ ಹಾಗಿದ್ರೆ ತಾಯಿಗೆ ಕಾರ್ಟಿಸೋಲ್ ಥರ ಕೆಲಸ ಮಾಡೋ ಸ್ಟೀರಾಯ್ಡ್ ಇಂಜೆಕ್ಷನ್ ಕೊಡೋದು ಇದಕ್ಕೇ, 1972ರಲ್ಲಿ ನ್ಯೂಜಿಲೆಂಡ್‌ನ ಡಾಕ್ಟರ್‌ಗಳಾದ ಲಿಗಿನ್ಸ್ ಮತ್ತು ಹೋವಿ ಇದನ್ನ ತೋರಿಸ್ಕೊಟ್ರು, ಅಲ್ಲಿಂದ ಎಷ್ಟೋ ಪುಟಾಣಿಗಳು ಉಳ್ಕೊಂಡಿವೆ.